ಅಧಿಕಾರ ಇಲ್ಲದ ಸಂಘ ಮಾಡೋದಾದ್ರೂ ಏನು?

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತಿರೋರಲ್ಲಿ ಇಂಗ್ಲೆಂಡಲ್ಲಿ ಮನೆ ತಗೊಂಡೋರು ಎಷ್ಟು ಜನ, ಕೈ ಎತ್ತಿ ನೋಡೋಣ. ಹಾಂ, ಮುಕ್ಕಾಲು ಪಾಲು ಇದೀರ. ಹಾಗಾದ್ರೆ ಸಾಲಿಸಿಟರ್ ಅಂದ್ರೆ ಯಾರು ಅಂತ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ, ಮನೆ ಕಾಗದ ಪತ್ರ ನೋಡೋ ವಕೀಲರು, ನಿಮ್ಮ ಈಮೇಲ್‌ಗೆ ಮೂರು ದಿನ ಉತ್ತರ ಕೊಡದೆ ನಾಲ್ಕನೇ ದಿನ ಇನ್ನೊಂದು ಫಾರ್ಮ್ ಕಳಿಸೋರು. ನಾನೂ ಅದೇ ಗುಂಪಿನವಳು, ಬೈಯೋದಿದ್ರೆ ಟೀ ಟೈಮಲ್ಲಿ ಬೈಯಿರಿ. ಈಗ ಎರಡನೇ ಪ್ರಶ್ನೆ. ಇಲ್ಲಿ ಹೆಚ್ಚುಕಮ್ಮಿ ಪ್ರತಿ ಊರಿಗೋ ಜಿಲ್ಲೆಗೋ ಸಾಲಿಸಿಟರ್‌ಗಳದ್ದೇ ಒಂದು ಸಂಘ ಇರತ್ತೆ, ಲೋಕಲ್ ಲಾ ಸೊಸೈಟಿ ಅಂತಾರೆ, ಅದರ ಹೆಸರು ಕೇಳಿದೋರು ಎಷ್ಟು ಜನ? ಒಂದೇ ಒಂದು ಕೈ, ಅದೂ ನಮ್ಮನೆಯವ್ರದ್ದು.

ಅದಕ್ಕೇ ಇವತ್ತು ಈ ವಿಷಯ ಆರಿಸ್ಕೊಂಡೆ. ಮೂರು ವರ್ಷದ ಹಿಂದೆ ನಮ್ಮ ಸಂಘಕ್ಕೆ ಒಂದು ಫೋನ್ ಬಂತು, ಸಂಘ ಅಂದ್ರೆ ಆಫೀಸು ಬಿಲ್ಡಿಂಗು ಅಂತೆಲ್ಲಾ ಏನಿಲ್ಲ, ವಾರಕ್ಕೆ ಎರಡು ದಿನ ಕೆಲಸ ಮಾಡೋ ಒಬ್ಬ ಅಡ್ಮಿನಿಸ್ಟ್ರೇಟರಮ್ಮ, ಅವ್ರ ಫೋನು, ಅಷ್ಟೇ. ಫೋನ್ ಮಾಡಿದ್ದು ಒಬ್ಬ ಹೆಂಗಸು, ತಂದೆ ತೀರ್ಕೊಂಡಿದ್ರು, ತಂದೆ ವಿಲ್ ಬರೆಸಿದ್ದು ಗೊತ್ತು, ಇದೇ ಊರಲ್ಲಿ ಬರೆಸಿದ್ದು ಗೊತ್ತು, ಸ್ಟೇಷನ್ ಹತ್ರ ಮೆಟ್ಟಿಲು ಹತ್ತಿ ಹೋಗೋ ಆಫೀಸು ಅನ್ನೋದು ನೆನಪು, ಹೆಸರು ಮಾತ್ರ ಗೊತ್ತಿಲ್ಲ. ಸ್ಟೇಷನ್ ಹತ್ರ ಈಗ ಅಂಥ ಆಫೀಸೇ ಇಲ್ಲ. ಯಾರನ್ನ ಕೇಳೋದು? ಈ ಕಥೆ ಆಮೇಲೆ ಮುಗಿಸ್ತೀನಿ, ಯಾಕಂದ್ರೆ ಅದು ಮುಗಿಯೋಕೂ ಐದು ತಿಂಗಳು ಬೇಕಾಯ್ತು.

ಸಾಲಿಸಿಟರ್ ಬೇರೆ ಬ್ಯಾರಿಸ್ಟರ್ ಬೇರೆ ಅನ್ನೋದು ಕೆಲವರಿಗೆ ಈಗ್ಲೂ ಗೊಂದಲ. ಗಾಂಧೀಜಿ 1891ರಲ್ಲಿ ಲಂಡನ್ನಲ್ಲಿ ಪಾಸಾಗಿದ್ದು ಬ್ಯಾರಿಸ್ಟರ್ ಆಗಿ, ಅಂದ್ರೆ ಗೌನ್ ಹಾಕಿ ಕೋರ್ಟಲ್ಲಿ ನಿಂತು ವಾದ ಮಾಡೋರು. ಆಮೇಲೆ ಜೊಹಾನ್ಸ್‌ಬರ್ಗಲ್ಲಿ ಅವ್ರು ಅಟಾರ್ನಿ ಆಗಿ ನೋಂದಾಯಿಸ್ಕೊಂಡು ಆಫೀಸ್ ಇಟ್ಟಿದ್ರಲ್ಲ, ಅದು ಹೆಚ್ಚುಕಮ್ಮಿ ನಮ್ಮ ಕೆಲಸ. ಕಕ್ಷಿದಾರ ಮೊದಲು ಬರೋದು ಸಾಲಿಸಿಟರ್ ಹತ್ರ, ಕಾಗದ ಪತ್ರ ನೋಡೋದು, ಅವ್ರ ದುಡ್ಡು ಇಟ್ಕೊಳ್ಳೋದು, ಪೊಲೀಸ್ ಸ್ಟೇಷನ್‌ಗೆ ರಾತ್ರಿ ಎರಡು ಗಂಟೆಗೆ ಓಡೋದು ಎಲ್ಲ ಸಾಲಿಸಿಟರ್. ಸಣ್ಣ ಕೋರ್ಟುಗಳಲ್ಲಿ ವಾದವೂ ನಾವೇ ಮಾಡ್ತೀವಿ. ಹಿಂದೆ ಈ ಹೆಸರುಗಳೇ ಬೇರೆ ಬೇರೆ ಇದ್ವು, ಕಾಮನ್ ಲಾ ಕೋರ್ಟುಗಳಲ್ಲಿ ಅಟಾರ್ನಿ, ಚಾನ್ಸರಿ ಕೋರ್ಟಲ್ಲಿ ಸಾಲಿಸಿಟರ್, ಚರ್ಚ್ ಕೋರ್ಟಲ್ಲಿ ಪ್ರಾಕ್ಟರ್. 1870ರ ದಶಕದಲ್ಲಿ ಕೋರ್ಟುಗಳನ್ನೆಲ್ಲಾ ಒಟ್ಟುಗೂಡಿಸಿದಾಗ ಮೂರೂ ಹೋಗಿ ಸಾಲಿಸಿಟರ್ ಅನ್ನೋದೊಂದೇ ಉಳೀತು. ಅಟಾರ್ನಿ ಅನ್ನೋ ಪದಕ್ಕೆ ಅಷ್ಟೊತ್ತಿಗೆ ಎಷ್ಟು ಕೆಟ್ಟ ಹೆಸರು ಬಂದಿತ್ತಂದ್ರೆ ಅದು ಹೋಗಿದ್ದಕ್ಕೆ ಅತ್ತೋರು ಯಾರೂ ಇರ್ಲಿಲ್ಲ.

ಸರಿ, ಈಗ ಸಂಘದ ವಿಷಯ. ಇಲ್ಲಿ ಮೂರು ಸಂಸ್ಥೆ ಇವೆ, ಜನ ಮೂರನ್ನೂ ಒಂದೇ ಅಂದ್ಕೊಂಡು ತಪ್ಪು ಬಾಗಿಲು ತಟ್ತಾರೆ. ಒಂದು ಎಸ್‌ಆರ್‌ಎ, ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ, 2007ರಲ್ಲಿ ಶುರುವಾಗಿದ್ದು, ಇವ್ರು ನಮ್ಮ ಪೊಲೀಸ್ ಇದ್ದ ಹಾಗೆ. ಲೈಸೆನ್ಸ್ ಕೊಡೋದು, ರೂಲ್ಸ್ ಮಾಡೋದು, ತಪ್ಪು ಮಾಡಿದ್ರೆ ಆಫೀಸಿಗೆ ಬಂದು ಬೀಗ ಹಾಕೋದು ಅವ್ರೇ. ಎರಡನೇದು ಲಂಡನ್ನಿನ ಚಾನ್ಸರಿ ಲೇನ್‌ನಲ್ಲಿರೋ ಲಾ ಸೊಸೈಟಿ, 1825ರದ್ದು, ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್‌ಗಳ ಪರವಾಗಿ ಸರ್ಕಾರದ ಹತ್ರ ಮಾತಾಡೋದು. ಹಿಂದೆ ದಂಡ ಹಾಕೋದೂ ಇವ್ರೇ ಪರ ವಹಿಸೋದೂ ಇವ್ರೇ ಆಗಿದ್ರು, ಅದು ಸರಿಯಲ್ಲ ಅಂತ ಬಹಳ ಗಲಾಟೆ ಆಗಿ, 2007ರ ಲೀಗಲ್ ಸರ್ವಿಸಸ್ ಆಕ್ಟ್ ಬಂದು, ಎರಡನ್ನೂ ಬೇರೆ ಮಾಡಿದ್ರು. ಸರ್ವಿಸ್ ಚೆನ್ನಾಗಿಲ್ಲ ಅನ್ನೋ ದೂರಿದ್ರೆ ಅದಕ್ಕೆ 2010ರಿಂದ ಲೀಗಲ್ ಓಂಬುಡ್ಸ್‌ಮನ್ ಇದ್ದಾರೆ, ಅದು ಇನ್ನೊಂದು ಬಾಗಿಲು.

ಮೂರನೇದೇ ನಮ್ಮ ಲೋಕಲ್ ಸಂಘ. ಇದು ಲಂಡನ್ ಸೊಸೈಟಿಯ ಬ್ರಾಂಚ್ ಅಲ್ಲ, ಇದನ್ನ ಎಲ್ಲರೂ ತಪ್ಪು ತಿಳ್ಕೊಂಡಿರ್ತಾರೆ. ಸ್ವತಂತ್ರ ಸಂಘ, ತನ್ನದೇ ಬೈಲಾ, ತನ್ನದೇ ಚಂದಾ, ತನ್ನದೇ ಜಗಳ. ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ಪ್ರತಿ ಅಕ್ಟೋಬರ್‌ನಲ್ಲಿ ರಿನ್ಯೂ ಮಾಡ್ಸಲೇಬೇಕು, ಮಾಡ್ಸದಿದ್ರೆ ಕೆಲಸ ಮಾಡೋಹಾಗಿಲ್ಲ, ಆದ್ರೆ ಲೋಕಲ್ ಸಂಘಕ್ಕೆ ಸೇರೋದು ಬಿಡೋದು ನಿಮ್ಮಿಷ್ಟ. ಅದು ಯಾರಿಗೂ ಲೈಸೆನ್ಸ್ ಕೊಡಲ್ಲ, ಯಾರನ್ನೂ ಅಮಾನತು ಮಾಡಲ್ಲ, ಯಾರಿಗೂ ದಂಡ ಹಾಕಲ್ಲ. ಒಂದು ನೋಟಿಸ್ ಕಳಿಸೋ ಅಧಿಕಾರವೂ ಇಲ್ಲ. ಹಾಗಿದ್ರೆ ಯಾಕೆ ಬೇಕು? ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಮ್ಮ ಸೀನಿಯರ್ ಹತ್ರ ಇದೇ ಕೇಳಿದ್ದೆ, ಅವ್ರು ಹೇಳಿದ್ದು, ಅಧಿಕಾರ ಇರೋ ಜಾಗಕ್ಕೆ ಫೋನ್ ಮಾಡೋ ಮುಂಚೆ ಯೋಚನೆ ಮಾಡ್ತೀಯ ತಾನೇ, ಇಲ್ಲಿಗೆ ಯೋಚನೆ ಮಾಡದೆ ಫೋನ್ ಮಾಡಬಹುದು ಅಂತ. ಆಗ ಅದು ತಮಾಷೆ ಅನ್ನಿಸ್ತು.

ಇತಿಹಾಸ ಸ್ವಲ್ಪ ಹೇಳ್ತೀನಿ, ಬೋರ್ ಆದ್ರೆ ಕೆಮ್ಮಿ. ಬ್ರಿಸ್ಟಲ್ ಸಂಘ 1770ರದ್ದು, ಲಂಡನ್ ಸೊಸೈಟಿಗಿಂತ 55 ವರ್ಷ ಹಳೇದು. ಯಾರ್ಕ್‌ಷೈರ್‌ದು 1786, ಬರ್ಮಿಂಗ್‌ಹ್ಯಾಮ್ 1818, ಲಿವರ್‌ಪೂಲ್ 1827, ಮ್ಯಾಂಚೆಸ್ಟರ್ 1838. ಅಂದ್ರೆ ಕೊಂಬೆ ಬಂದು ಆಮೇಲೆ ಬೇರು ಬಂದ ಹಾಗೆ, ಕೆಲವು ಊರಲ್ಲಿ ಸಂಘವೇ ಮೊದಲು. ಯಾಕೆ ಕಟ್ಟಿದ್ರು? ಒಂದು, ಹೆಸರು ಉಳಿಸ್ಕೊಳ್ಳೋಕೆ, ಯಾವುದೇ ಟ್ರೇನಿಂಗ್ ಇಲ್ಲದೆ ಅಟಾರ್ನಿ ಅಂತ ಬೋರ್ಡ್ ಹಾಕ್ಕೊಂಡು ಜನರಿಗೆ ಟೋಪಿ ಹಾಕೋರು ಆಗ ತುಂಬಾ ಇದ್ರು, ನಾವು ಆ ಥರದವರಲ್ಲ ಅಂತ ತೋರಿಸ್ಬೇಕಿತ್ತು. ಎರಡು, ಪುಸ್ತಕ. ಕೋರ್ಟ್ ತೀರ್ಪುಗಳನ್ನ ಅಚ್ಚು ಹಾಕಿದ ಲಾ ರಿಪೋರ್ಟುಗಳು ಒಬ್ಬೊಬ್ರೇ ಕೊಂಡ್ಕೊಳ್ಳೋ ಬೆಲೆಯಲ್ಲಿ ಇರ್ಲಿಲ್ಲ, ಎಲ್ಲ ಸೇರಿ ಲೈಬ್ರರಿ ಮಾಡಿದ್ರು. ಮೂರನೇ ಕಾರಣ ನಮ್ಮೋರು ಬಾಯಿ ಬಿಟ್ಟು ಹೇಳಲ್ಲ, ನಾನು ಹೇಳ್ತೀನಿ, ಫೀಸು. ಯಾರೂ ಕಮ್ಮಿ ರೇಟಿಗೆ ಕೆಲಸ ಮಾಡಬಾರ್ದು ಅನ್ನೋ ಒಪ್ಪಂದ. ಮನೆ ರಿಜಿಸ್ಟ್ರೇಶನ್ ಕೆಲಸಕ್ಕೆ ಮನೆ ಬೆಲೆ ಮೇಲೆ ಇಂತಿಷ್ಟು ಅಂತ ಸ್ಕೇಲ್ ಇತ್ತು, 1970ರ ದಶಕದ ಶುರುವರೆಗೂ ಇತ್ತು, ಅದನ್ನ ಮೀರಿ ಕಮ್ಮಿ ತಗೊಂಡೋನಿಗೆ ಸಂಘದ ಊಟದಲ್ಲಿ ಪಕ್ಕದ ಕುರ್ಚಿ ಖಾಲಿ ಇರ್ತಿತ್ತಂತೆ. ಜಾಹೀರಾತು ಕೊಡೋ ಹಾಗೂ ಇರ್ಲಿಲ್ಲ, 1984ರಲ್ಲಿ ಬಿಟ್ರು. ಮನೆ ಕೆಲಸದ ಏಕಸ್ವಾಮ್ಯನೂ 1985ರ ಕಾಯ್ದೆಯಿಂದ ಹೋಯ್ತು. ಇದನ್ನೆಲ್ಲಾ ಗ್ರಾಹಕರ ಹಿತಕ್ಕೆ ಅಂತ ಹಳಬರು ಹೇಳ್ಕೊಳ್ತಿದ್ರು, ನನಗಂತೂ ನಂಬೋಕೆ ಆಗಲ್ಲ.

ಇನ್ನೊಂದು ನಾಚಿಕೆ ವಿಷಯ ಇದೆ. 1913ರಲ್ಲಿ ಬೆಬ್ ಅನ್ನೋ ಹೆಣ್ಣುಮಗಳು ಲಾ ಸೊಸೈಟಿ ಮೇಲೆ ಕೇಸ್ ಹಾಕಿದ್ರು, ನನಗೆ ಪರೀಕ್ಷೆ ಬರೆಯೋಕೆ ಬಿಡಿ ಅಂತ. ಕಾಯ್ದೆಯಲ್ಲಿ ವ್ಯಕ್ತಿ ಅಂತ ಇದೆ, ಹೆಣ್ಣು ವ್ಯಕ್ತಿ ಅಲ್ಲ, ಅಂತ ಕೋರ್ಟ್ ಹೇಳ್ತು. ಹೂಂ, ನಗಬೇಡಿ, ನೂರು ಚಿಲ್ಲರೆ ವರ್ಷದ ಹಿಂದಿನ ಮಾತು ಅಷ್ಟೇ. 1919ರಲ್ಲಿ ಕಾಯ್ದೆ ಬದಲಾಯ್ತು, 1922ರ ಡಿಸೆಂಬರ್‌ನಲ್ಲಿ ಕ್ಯಾರೀ ಮಾರಿಸನ್ ಮೊದಲ ಮಹಿಳಾ ಸಾಲಿಸಿಟರ್ ಆದ್ರು. ಅವತ್ತು ನಾಲ್ಕು ಜನ ಹೆಣ್ಮಕ್ಕಳು ಪಾಸಾಗಿದ್ರು, ಮೊದಲು ಯಾರ ಹೆಸರು ಅಂತ ತೀರ್ಮಾನ ಮಾಡೋಕೆ ಚಾನ್ಸರಿ ಲೇನ್‌ನಲ್ಲಿ ಓಟದ ಪಂದ್ಯ ಇಟ್ಕೊಂಡ್ರು, ಮಾರಿಸನ್ ಗೆದ್ರು ಅಂತ ಕಥೆ ಹೇಳ್ತಾರೆ. ನಿಜಾನೋ ಕಟ್ಟುಕಥೆನೋ, ನನಗೆ ಬಹಳ ಇಷ್ಟ. ಆ ನಾಲ್ವರಲ್ಲಿ ಒಬ್ಬರು ಮೇರಿ ಸೈಕ್ಸ್, ಹಡರ್ಸ್‌ಫೀಲ್ಡ್‌ನವರು, ಆಮೇಲೆ ಆ ಊರಿನ ಮೇಯರ್ ಕೂಡ ಆದ್ರು. ಈಗ ಪ್ರಾಕ್ಟೀಸ್ ಮಾಡೋ ಸಾಲಿಸಿಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಸಂಘದ ಗೋಡೆ ಮೇಲಿರೋ ಹಳೇ ಅಧ್ಯಕ್ಷರ ಫೋಟೋ ಸಾಲು ನೋಡಿದ್ರೆ ಮಾತ್ರ ಅದು ಗೊತ್ತಾಗಲ್ಲ, ಮೀಸೆ ಮೀಸೆ ಮೀಸೆ, ಕೊನೇಲಿ ನಾಲ್ಕು ಕನ್ನಡಕ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ, ಬಡವರ ಕೇಸು. ಈ ದೇಶದ ಲೀಗಲ್ ಏಡ್, ಅಂದ್ರೆ ಸರ್ಕಾರದ ಖರ್ಚಲ್ಲಿ ಸಿಗೋ ವಕೀಲರ ನೆರವು, ಅನ್ನೋದು ಸರ್ಕಾರ ಒಂದು ದಿನ ಬೆಳಿಗ್ಗೆ ಎದ್ದು ಕೊಟ್ಟ ವರ ಅಲ್ಲ. ಪೂರ್ ಪರ್ಸನ್ಸ್ ಪ್ರೊಸೀಜರ್ ಅಂತ ಒಂದಿತ್ತು, 1920ರ ದಶಕದಿಂದ ದುಡ್ಡಿಲ್ಲದವರ ಕೇಸನ್ನ ಊರೂರಿನ ಲಾ ಸೊಸೈಟಿಗಳು ತಮ್ಮ ಸದಸ್ಯರಿಗೆ ಹಂಚೋದು, ಸದಸ್ಯರು ಫೀಸ್ ಇಲ್ಲದೆ ಮಾಡಿಕೊಡೋದು. ಅದರಲ್ಲಿ ಬಹುಪಾಲು ಡೈವೋರ್ಸ್. 1937ರಲ್ಲಿ ಡೈವೋರ್ಸ್ ಕಾಯ್ದೆ ಸಡಿಲ ಆಯ್ತು ನೋಡಿ, ಮೊದಲು ವ್ಯಭಿಚಾರ ಒಂದೇ ಕಾರಣ ಇತ್ತು, ಆಮೇಲೆ ಕ್ರೌರ್ಯ, ಬಿಟ್ಟು ಹೋಗೋದು ಎಲ್ಲ ಸೇರ್ತು, ಅರ್ಜಿಗಳು ಪ್ರವಾಹದ ಥರ ಬಂದ್ವು. ವೇಲ್ಸ್‌ನ ಲಾ ಸೊಸೈಟಿಗಳು 1939ರಲ್ಲಿ ಸಾಕಪ್ಪಾ ಸಾಕು ಅಂದ್ಬಿಟ್ವು, ಸಂಬಳ ಇಲ್ಲದೆ ಈ ಡೈವೋರ್ಸ್ ಕೆಲಸ ಇನ್ನು ಮಾಡಲ್ಲ ಅಂತ. ಕಲ್ಲಿದ್ದಲ ಕಣಿವೆಗಳಲ್ಲಿ ಬಡತನ ಹಾಸಿ ಹೊದ್ದಿದ್ದ ಕಾಲ, ಅಲ್ಲಿನ ಸಣ್ಣ ಸಣ್ಣ ಸಾಲಿಸಿಟರ್‌ಗಳ ಹತ್ರ ಬರೋ ಕೇಸಲ್ಲಿ ಬಡವರದ್ದೇ ಹೆಚ್ಚು, ಎಷ್ಟು ಅಂತ ಪುಕ್ಕಟೆ ಮಾಡ್ತಾರೆ. ಸ್ವಾರ್ಥ ಅಂತ ಬೈದೋರೂ ಇದ್ರು. ಆದ್ರೆ ಆ ಮುಷ್ಕರದಿಂದ ಒಂದು ಮಾತು ಸ್ಪಷ್ಟ ಆಯ್ತು, ದಾನದ ಮೇಲೆ ನ್ಯಾಯ ವ್ಯವಸ್ಥೆ ನಡೆಯಲ್ಲ ಅನ್ನೋದು. ಯುದ್ಧ ಬಂತು, ಸೈನಿಕರ ಡೈವೋರ್ಸಿಗೆ ಅಂತಲೇ ಸಂಬಳದ ವಕೀಲರ ಡಿಪಾರ್ಟ್‌ಮೆಂಟ್ ಮಾಡ್ಬೇಕಾಯ್ತು, ಕೊನೆಗೆ 1949ರಲ್ಲಿ ಲೀಗಲ್ ಏಡ್ ಕಾಯ್ದೆ. ಆ ಕಾಯ್ದೆಯನ್ನ ನಡೆಸೋ ಜವಾಬ್ದಾರಿ ಸರ್ಕಾರಿ ಇಲಾಖೆಗೆ ಹೋಗ್ಲಿಲ್ಲ, ಲಾ ಸೊಸೈಟಿಗೆ ಬಂತು, ಊರಿನ ಸಾಲಿಸಿಟರ್‌ಗಳ ಕಮಿಟಿ ಕೂತು ಯಾರಿಗೆ ನೆರವು ಅಂತ ತೀರ್ಮಾನ ಮಾಡ್ತಿತ್ತು. 1989ರವರೆಗೂ ಹಾಗೇ ನಡೀತು.

1972ರಲ್ಲಿ ಬ್ರಿಸ್ಟಲ್‌ನ ಸಾಲಿಸಿಟರ್‌ಗಳು ಇನ್ನೊಂದು ಕೆಲಸ ಮಾಡಿದ್ರು. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬೆಳಿಗ್ಗೆ ಪೊಲೀಸರು ಕರ್ಕೊಂಡು ಬಂದ ಜನಕ್ಕೆ ವಕೀಲರೇ ಇರ್ತಿರ್ಲಿಲ್ಲ, ಏನು ಕೇಳ್ತಿದಾರೆ ಅಂತ ಅರ್ಥ ಆಗದೆ ತಪ್ಪೊಪ್ಕೊಂಡು ಹೋಗೋರೂ ಇದ್ರು. ಇವ್ರು ಸರದಿ ಹಾಕ್ಕೊಂಡ್ರು, ಇವತ್ತು ನೀನು ನಾಳೆ ನಾನು, ಒಬ್ಬ ಸಾಲಿಸಿಟರ್ ಕೋರ್ಟಲ್ಲೇ ಇರೋದು, ಯಾರಿಲ್ಲದವರಿಗೆ ಇವ್ರು ನಿಲ್ಲೋದು. ಡ್ಯೂಟಿ ಸಾಲಿಸಿಟರ್ ಅನ್ನೋ ಪದ್ಧತಿ ಶುರುವಾಗಿದ್ದು ಹೀಗೆ, ದೇಶದ ಮೊದಲನೇದು ಅದು. ಆಮೇಲೆ 1984ರ ಪೊಲೀಸ್ ಕಾಯ್ದೆ ಬಂತು, ಸ್ಟೇಷನ್‌ನಲ್ಲೂ 24 ಗಂಟೆ ಸರದಿ ಬಂತು. ಇಲ್ಲಿ ಒಂದು ವಿಷಯ ಅಡ್ಡದಾರಿ ಹಿಡಿದು ಹೇಳ್ತೀನಿ, ನಿಮ್ಮ ಮಕ್ಕಳಿಗೂ ಹೇಳಿ, ಇಂಗ್ಲೆಂಡಲ್ಲಿ ಪೊಲೀಸ್ರು ಅರೆಸ್ಟ್ ಮಾಡಿದ್ರೆ ಸ್ಟೇಷನ್‌ನಲ್ಲಿ ಸಾಲಿಸಿಟರ್ ಸಲಹೆ ಫ್ರೀ, ನೀವು ಎಷ್ಟೇ ದುಡಿತಾ ಇದ್ರೂ ಫ್ರೀ. ಅರೆಸ್ಟ್ ಇಲ್ಲದೆ ಸುಮ್ನೆ ವಿಚಾರಣೆಗೆ ಬನ್ನಿ ಅಂತ ಕರೆದ್ರೂ ಫ್ರೀ. ನಾನೇನು ತಪ್ಪು ಮಾಡಿಲ್ಲ ನನಗ್ಯಾಕೆ ಲಾಯರ್ ಅಂತ ನಮ್ಮೋರು ಬೇಡ ಅಂದ್ಬಿಡ್ತಾರೆ. ಹಾಗನ್ನಬೇಡಿ ದಯವಿಟ್ಟು.

ಈ ಸರದಿ ಪಟ್ಟಿಯೇ ಈಗ ಒಣಗ್ತಾ ಇದೆ. 2012ರ ಲಾಸ್ಪೋ ಕಾಯ್ದೆ 2013ರ ಏಪ್ರಿಲ್‌ನಿಂದ ಜಾರಿಗೆ ಬಂದು ಕುಟುಂಬ ವ್ಯಾಜ್ಯ, ವೆಲ್‌ಫೇರ್, ಸಾಲ, ಇವೆಲ್ಲದರಲ್ಲೂ ಬಹುಪಾಲು ಲೀಗಲ್ ಏಡ್ ಕತ್ತರಿಸ್ತು. ಕ್ರಿಮಿನಲ್ ಉಳೀತು ಆದ್ರೆ ಫೀಸ್ ಏರ್ಲಿಲ್ಲ. 2021ರಲ್ಲಿ ಸರ್ಕಾರವೇ ನೇಮಿಸಿದ ರಿವ್ಯೂ ಕನಿಷ್ಠ ಶೇಕಡಾ 15 ಏರಿಸಿ ಅಂತು, ಸಾಲಿಸಿಟರ್‌ಗಳಿಗೆ ಅಷ್ಟು ಕೊಡ್ಲಿಲ್ಲ, ಲಾ ಸೊಸೈಟಿ ಕೋರ್ಟಿಗೆ ಹೋಯ್ತು, 2024ರ ಜನವರಿಯಲ್ಲಿ ಹೈಕೋರ್ಟ್ ಸರ್ಕಾರದ ತೀರ್ಮಾನಕ್ಕೆ ತರ್ಕವೇ ಇಲ್ಲ ಅಂತ ಹೇಳ್ತು. ಆ ಕೇಸಿಗೆ ಸಾಕ್ಷ್ಯ ಬೇಕಲ್ಲ, ಯಾವ ಊರಲ್ಲಿ ಎಷ್ಟು ಜನ ಡ್ಯೂಟಿ ಮಾಡ್ತಾರೆ, ರಾತ್ರಿ ಕರೆ ಬಂದ್ರೆ ಎಷ್ಟು ಮೈಲಿ ಓಡಿಸ್ಬೇಕು, ಹೊಸ ಹುಡುಗರು ಯಾಕೆ ಬರ್ತಿಲ್ಲ, ಇಂಥದ್ದನ್ನೆಲ್ಲಾ ಲಂಡನ್ನಲ್ಲಿ ಕೂತು ಹೇಳೋಕಾಗಲ್ಲ, ಊರಿನ ಸಂಘಗಳೇ ಹೇಳ್ಬೇಕು. ನಮ್ಮ ಸರದಿ ಪಟ್ಟಿಯಲ್ಲಿ ಐವತ್ತಕ್ಕಿಂತ ಚಿಕ್ಕವರು ಎಷ್ಟು ಜನ ಅಂತ ಎಣಿಸೋಕೆ ನನಗೆ ಒಂದು ಕೈ ಸಾಕು.

ಕೋರ್ಟ್ ಮುಚ್ಚೋ ವಿಷಯ ಬಂದಾಗ ಸಂಘ ಏನು ಮಾಡತ್ತೆ ಅನ್ನೋದು ನೋಡಿ. 2010ರಿಂದ ಹತ್ತು ವರ್ಷದಲ್ಲಿ ಇಂಗ್ಲೆಂಡ್ ವೇಲ್ಸ್‌ನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಮುಚ್ಚಿದ್ರು. 2016ರಲ್ಲಿ ಒಂದೇ ಸಲ 86 ಕೋರ್ಟ್ ಕಟ್ಟಡ ಮುಚ್ಚೋ ಘೋಷಣೆ ಬಂತು. ಸಫೋಕ್ ಜಿಲ್ಲೇಲಿ ಬರಿ ಸೇಂಟ್ ಎಡ್ಮಂಡ್ಸ್ ಮತ್ತೆ ಲೋಸ್ಟಾಫ್ಟ್ ಎರಡೂ ಹೋಗಿ ಇಡೀ ಜಿಲ್ಲೆಗೆ ಇಪ್ಸ್‌ವಿಚ್ ಒಂದೇ ಉಳೀತು, ಸಮುದ್ರ ದಂಡೆಯ ಲೋಸ್ಟಾಫ್ಟ್‌ನಿಂದ ರೈಲಲ್ಲೇ ಒಂದೂವರೆ ಗಂಟೆ ದಾರಿ. ಮುಚ್ಚೋ ಮುಂಚೆ ಸರ್ಕಾರ ಕನ್ಸಲ್ಟೇಶನ್ ಅಂತ ಒಂದು ಮಾಡತ್ತೆ, ಒಂದು ದಪ್ಪ ಪಿಡಿಎಫ್, ಅದರಲ್ಲಿ ಈ ಕೋರ್ಟಿಂದ ಆ ಕೋರ್ಟಿಗೆ ಇಷ್ಟು ನಿಮಿಷ ಅಂತ ಇರತ್ತೆ. ಆ ನಿಮಿಷ ಕಟ್ಟಡದಿಂದ ಕಟ್ಟಡಕ್ಕೆ ರೀ, ಮನುಷ್ಯ ಇರೋದು ಕಟ್ಟಡದಲ್ಲಲ್ಲ, ಹಳ್ಳೀಲಿ. ನಮ್ಮ ಕಡೆಯ ಕೋರ್ಟಿನ ಸರದಿ ಬಂದಾಗ ನಮ್ಮ ಸಂಘದ ಇಬ್ಬರು ಏನು ಮಾಡಿದ್ರಂದ್ರೆ, ಒಂದು ಸೋಮವಾರ ಜಿಲ್ಲೆಯ ಮೂಲೆ ಹಳ್ಳಿಯಿಂದ ಬಸ್ ಹತ್ತಿದ್ರು, ಕೈಲಿ ನೋಟ್‌ಬುಕ್ಕು, ಹತ್ತು ಗಂಟೆ ಹಿಯರಿಂಗಿಗೆ ಹೋಗೋ ಮನುಷ್ಯನ ಹಾಗೆ. ಮೊದಲ ಬಸ್ಸೇ ಏಳೂ ಮುಕ್ಕಾಲಿಗೆ, ಪೇಟೆಗೆ ಬಂದು ಇನ್ನೊಂದು ಬಸ್ಸಿಗೆ ಕಾದು, ಅದು ಲೇಟಾಗಿ, ಕೋರ್ಟ್ ಬಾಗಿಲಿಗೆ ಹೋದಾಗ ಹತ್ತೂ ನಲವತ್ತು. ಅವ್ರಿಬ್ಬರು ಸಾಲಿಸಿಟರ್‌ಗಳು, ನಕ್ಕೊಂಡು ಕಾಫಿ ಕುಡಿದು ವಾಪಸ್ ಬಂದ್ರು, ಅದೇ ಜಾಮೀನಿನ ಮೇಲಿರೋ ಹುಡುಗ ಆಗಿದ್ರೆ ಅಷ್ಟೊತ್ತಿಗೆ ವಾರಂಟ್ ಹೊರಡಬಹುದಿತ್ತು, ಹಾಜರಾಗದೇ ಇರೋದೇ ಒಂದು ಪ್ರತ್ಯೇಕ ಅಪರಾಧ ಇಲ್ಲಿ. ಇನ್ನೂ ಒಂದು ಬರೆದಿದ್ರು, ಅದೇ ಬಸ್ಸಲ್ಲಿ ಒಬ್ಬ ಹೆಂಗಸು ಗಂಡನ ಮೇಲಿನ ಕೇಸಿಗೆ ಸಾಕ್ಷಿ ಹೇಳೋಕೆ ಹೋಗ್ತಾ ಅದೇ ಗಂಡನ ಹಿಂದಿನ ಸೀಟಲ್ಲಿ ಕೂರಬೇಕಾಗಬಹುದು, ಯಾಕಂದ್ರೆ ಆ ಹೊತ್ತಿಗೆ ಇರೋದೇ ಒಂದು ಬಸ್ಸು ಅಂತ. ಇದನ್ನೆಲ್ಲಾ ಆರು ಪುಟದ ಉತ್ತರ ಮಾಡಿ ಕಳಿಸಿದ್ರು. ಕೋರ್ಟ್ ಉಳೀತಾ ಅಂತ ಕೇಳ್ತೀರ, ಇಲ್ಲ, ಮುಚ್ಚಿದ್ರು. ಈಗ ಅಲ್ಲಿ ಫ್ಲಾಟ್ ಆಗಿವೆ. ಆದ್ರೆ ಹೊಸ ಕೋರ್ಟಲ್ಲಿ ಆ ಕಡೆಯ ಹಳ್ಳಿಗಳ ಕೇಸುಗಳನ್ನ ಹನ್ನೊಂದರ ಮೇಲೆ ಕರೆಯೋದು ಅಂತ ಕ್ಲರ್ಕ್ ಜೊತೆ ಮಾತಾಡಿ ಒಂದು ವ್ಯವಸ್ಥೆ ಆಯ್ತು, ಎಲ್ಲೂ ಬರೆದಿಟ್ಟಿಲ್ಲ, ಬಾಯಿಮಾತಿನದ್ದು, ಇವತ್ತಿಗೂ ನಡೀತಿದೆ. ಲೋಕಲ್ ಸಂಘದ ಗೆಲುವು ಅಂದ್ರೆ ಹೆಚ್ಚಾಗಿ ಈ ಸೈಜಿಂದೇ.

ದುಡ್ಡಿನ ವಿಷಯ ಒಂಚೂರು. ನೀವು ಮನೆಗೆ ಅಂತ ನಮಗೆ ಕಳಿಸೋ ದುಡ್ಡು ನಮ್ಮ ದುಡ್ಡಲ್ಲ, ಬೇರೆ ಕ್ಲೈಂಟ್ ಅಕೌಂಟಲ್ಲಿ ಇರತ್ತೆ, ಅದರಿಂದ ಆಫೀಸಿನ ಕರೆಂಟ್ ಬಿಲ್ ಕಟ್ಟಿದ್ರೂ ಕಥೆ ಮುಗೀತು. 2023ರ ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಸಂಸ್ಥೆ ಕುಸಿದು ಬಿತ್ತು, ಕ್ಲೈಂಟ್‌ಗಳ 6 ಕೋಟಿ ಪೌಂಡಿಗೂ ಹೆಚ್ಚು ಹಣ ಕಾಣೆ. ಕಳ್ಕೊಂಡೋರಿಗೆ ತುಂಬಿಕೊಡೋಕೆ ಕಾಂಪೆನ್ಸೇಶನ್ ಫಂಡ್ ಇದೆ, ಆ ಫಂಡಿಗೆ ದುಡ್ಡು ಹಾಕೋದು ನಾವೆಲ್ಲ ಉಳಿದ ಸಾಲಿಸಿಟರ್‌ಗಳು. ಮರುವರ್ಷ ಒಬ್ಬೊಬ್ಬರ ವಂತಿಗೆ 30 ಪೌಂಡಿಂದ 90ಕ್ಕೆ ಏರ್ತು, ಕ್ಲೈಂಟ್ ಹಣ ಇಟ್ಕೊಳ್ಳೋ ಸಂಸ್ಥೆಗೆ 660 ಪೌಂಡಿಂದ 2,220ಕ್ಕೆ. ಸಿಟಿಯಲ್ಲಿ ಐನೂರು ಜನ ಇರೋ ಸಂಸ್ಥೆಗೂ ಅಷ್ಟೇ, ಬೇಕರಿ ಮೇಲಿನ ಒಂದು ರೂಮಲ್ಲಿ ಇಬ್ಬರು ನಡೆಸೋ ಸಂಸ್ಥೆಗೂ ಅಷ್ಟೇ. ಇದಾದ ಮೇಲೆ ಎಸ್‌ಆರ್‌ಎ ಇನ್ನೊಂದು ಪ್ರಶ್ನೆ ಎತ್ತಿತು, ಸಾಲಿಸಿಟರ್‌ಗಳು ಕ್ಲೈಂಟ್ ದುಡ್ಡು ಇಟ್ಕೊಳ್ಳೋದೇ ಬೇಡವಾ ಅಂತ. ಅವತ್ತಿನ ನಮ್ಮ ಮೀಟಿಂಗ್ ನಿಮಗೆ ತೋರಿಸ್ಬೇಕಿತ್ತು, ನಲವತ್ತು ಜನ, ಎಲ್ಲರೂ ಒಂದೇ ಸಲ ಮಾತಾಡೋದು, ಥೇಟ್ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ. ನನ್ನ ಅಭಿಪ್ರಾಯ ಅಲ್ಲಿ ಮೈನಾರಿಟಿ, ಸಣ್ಣ ಸಂಸ್ಥೆಗಳಿಗೆ ಇದೊಂದು ತಲೆನೋವು ಹೋಗೋದಾದ್ರೆ ಹೋಗ್ಲಿ ಅನ್ನೋಳು ನಾನು, ಆದ್ರೆ ಸಂಘದ ಉತ್ತರದಲ್ಲಿ ಬಹುಮತದ ಮಾತು ಬರೆದು ಕೊನೆಗೆ ಒಂದು ಸಾಲು ನಮ್ಮಂಥವರದ್ದೂ ಸೇರಿಸಿದ್ರು.

ಶುಕ್ರವಾರ ಮಧ್ಯಾಹ್ನದ ಮೋಸ ಅಂತ ಒಂದಿದೆ, ಕೇಳಿದೀರಾ? ಮನೆ ವ್ಯವಹಾರ ಮುಗಿಯೋದು ಹೆಚ್ಚಾಗಿ ಶುಕ್ರವಾರ, ಎಲ್ಲರೂ ಗಡಿಬಿಡಿಯಲ್ಲಿ ಇರ್ತಾರೆ, ಆಗ ಸಾಲಿಸಿಟರ್ ಹೆಸರಲ್ಲೇ ಒಂದು ಈಮೇಲ್ ಬರತ್ತೆ, ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ ಇದಕ್ಕೆ ಹಾಕಿ ಅಂತ. ಹಾಕಿದ್ರೆ ಮುಗೀತು, ಸೋಮವಾರ ಗೊತ್ತಾಗೋ ಹೊತ್ತಿಗೆ ದುಡ್ಡು ಮೂರು ದೇಶ ದಾಟಿರತ್ತೆ. ಒಂದು ಸಲ ನಮ್ಮ ಊರಿನ ಒಂದು ಆಫೀಸಿಗೆ ಇಂಥದ್ದು ಬೆಳಿಗ್ಗೆ ಹನ್ನೊಂದಕ್ಕೆ ಬಂತು, ಅವ್ರು ಹಿಡಿದ್ರು, ತಕ್ಷಣ ಅಡ್ಮಿನಿಸ್ಟ್ರೇಟರಮ್ಮನಿಗೆ ಫೋನ್, ಅವ್ರು ಹನ್ನೊಂದೂವರೆ ಒಳಗೆ ಎಲ್ಲ ಸದಸ್ಯರಿಗೂ ಮೆಸೇಜ್. ಹನ್ನೆರಡೂ ಕಾಲಿಗೆ ನಮ್ಮ ಆಫೀಸಿಗೂ ಅದೇ ಈಮೇಲ್, ಒಂದಕ್ಷರ ಆಚೀಚೆ ಇಲ್ಲ. ನಮ್ಮ ಹುಡುಗಿ ದುಡ್ಡು ಕಳಿಸೋ ಪೇಜ್ ತೆರೆದು ಕೂತಿದ್ಲು. ಆ ಆಫೀಸಿನವರು ನಮ್ಮ ನೇರ ಪ್ರತಿಸ್ಪರ್ಧಿಗಳು, ರಸ್ತೆ ಆಚೆ ಬದಿ, ನಮ್ಮ ಕ್ಲೈಂಟ್‌ಗಳನ್ನ ಎಳ್ಕೊಳ್ಳೋಕೆ ನೋಡ್ತಾನೇ ಇರ್ತಾರೆ. ಅವರಿಗೆ ನಾವು ಮುಳುಗಿದ್ರೆ ಲಾಭವೇ. ಆದ್ರೂ ಫೋನ್ ಮಾಡಿದ್ರಲ್ಲ.

ಟ್ರೇನಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಸ್ಯಾಂಡ್‌ವಿಚ್ ಕೊಟ್ಟು ತೆರಿಗೆ ಪಾಠ ಮಾಡ್ತಾರೆ, ಸ್ಯಾಂಡ್‌ವಿಚ್ ಚೆನ್ನಾಗಿರತ್ತೆ. ಇಂಡಿಯಾದಿಂದ ಲಾ ಮುಗಿಸಿ ಬಂದ ಹುಡುಗರು ಇಲ್ಲಿ ಹಿಂದೆ ಕೂತಿದೀರಲ್ಲ, ನಿಮಗೆ ಒಂದು ಮಾತು, ಸಾಲಿಸಿಟರ್ ಆಗೋಕೆ 2021ರಿಂದ ಎಸ್‌ಕ್ಯೂಇ ಅನ್ನೋ ಪರೀಕ್ಷೆ ಬಂದಿದೆ, ಮೊದಲ ಹಂತದಲ್ಲೇ 360 ಪ್ರಶ್ನೆ, ಆಗಲೇ ಅರ್ಹ ವಕೀಲರಾಗಿದ್ರೆ ನಿಮಗೆ ಎರಡು ವರ್ಷದ ಕೆಲಸದ ಷರತ್ತು ಇಲ್ಲ. ಪರೀಕ್ಷೆ ಓದಿ ಪಾಸಾಗ್ತೀರ, ಕೆಲಸ ಹುಡುಕೋದೇ ಕಷ್ಟ, ಅಲ್ಲಿ ಲೋಕಲ್ ಸಂಘದ ಜೂನಿಯರ್ ಗುಂಪಿಗೆ ಹೋಗಿ. ನನ್ನ ಮೊದಲ ಕೆಲಸ ಸಿಕ್ಕಿದ್ದು ಅರ್ಜಿಯಿಂದಲ್ಲ, ಕ್ವಿಜ್ ರಾತ್ರಿಯಲ್ಲಿ ಪಕ್ಕದಲ್ಲಿ ಕೂತಿದ್ದೋರಿಂದ. ನಮ್ಮ ಟೀಮಿಗೆ ಕೊನೇ ಸ್ಥಾನ ಬಂತು, ಅದು ಬೇರೆ ಮಾತು.

ಯಾರೂ ಮಾತಾಡದ ಕೆಲಸ ಒಂದಿದೆ. ಒಬ್ಬರೇ ಪ್ರಾಕ್ಟೀಸ್ ನಡೆಸೋರು ಇನ್ನೂ ತುಂಬಾ ಇದ್ದಾರೆ. ಅಂಥ ಒಬ್ಬರು ಒಂದು ಗುರುವಾರ ಹಾರ್ಟ್ ಅಟ್ಯಾಕಲ್ಲಿ ಹೋದ್ರು. ಆಫೀಸಲ್ಲಿ ಇನ್ನೂರು ಚಿಲ್ಲರೆ ಫೈಲು, ಶುಕ್ರವಾರ ಎರಡು ಮನೆ ಕಂಪ್ಲೀಶನ್, ಅಂದ್ರೆ ದುಡ್ಡು ಹೋಗಿ ಕೀಲಿ ಕೈಗೆ ಬರೋ ದಿನ, ಎರಡು ಕುಟುಂಬದ ಸಾಮಾನು ವ್ಯಾನಲ್ಲಿ, ಬ್ಯಾಂಕ್ ಅಕೌಂಟಿಗೆ ಸಹಿ ಹಾಕೋ ಹಕ್ಕು ಸತ್ತವರೊಬ್ಬರಿಗೇ. ಅಳ್ತಾ ಕೂತ ಸೆಕ್ರೆಟರಿ ಫೋನ್ ಮಾಡಿದ್ದು ಸಂಘದ ಅಧ್ಯಕ್ಷರಿಗೆ, ಯಾಕಂದ್ರೆ ಅವ್ರ ನಂಬರ್ ಗೋಡೆ ಕ್ಯಾಲೆಂಡರ್ ಮೇಲಿತ್ತು. ಅವ್ರು ಆ ರಾತ್ರಿಯೇ ಎಸ್‌ಆರ್‌ಎ ಜೊತೆ ಮಾತಾಡಿ, ಬ್ಯಾಂಕ್ ಜೊತೆ ಮಾತಾಡಿ, ರಿಟೈರ್ ಆಗಿದ್ದೂ ಸರ್ಟಿಫಿಕೇಟ್ ಉಳಿಸ್ಕೊಂಡಿದ್ದ ಒಬ್ಬರನ್ನ ಎಬ್ಬಿಸಿ ಕರ್ಕೊಂಡು ಬಂದ್ರು. ಒಂದು ಮನೆ ಶುಕ್ರವಾರ ಆಗ್ಲಿಲ್ಲ, ಮಂಗಳವಾರ ಆಯ್ತು, ಆ ಕುಟುಂಬ ನಾಲ್ಕು ರಾತ್ರಿ ಹೋಟೆಲಲ್ಲಿ. ಇನ್ನೊಂದು ಆಯ್ತು. ಇವನ್ನೆಲ್ಲಾ ಮುಗಿಸಿ ಆ ಅಧ್ಯಕ್ಷರು ಸೋಮವಾರ ತಮ್ಮ ಆಫೀಸಿಗೆ ಹೋದಾಗ ಅವರದೇ ಕ್ಲೈಂಟ್ ಒಬ್ಬರು ನೀವು ಫೋನ್ ಎತ್ತಲ್ಲ ಅಂತ ದೂರು ಬರೆದಿದ್ರು. ಕಷ್ಟದಲ್ಲಿರೋ ಸಾಲಿಸಿಟರ್‌ಗಳ ಕುಟುಂಬಕ್ಕೆ ನೆರವಾಗೋ ನಿಧಿಯೊಂದು 1858ರಿಂದ ಇದೆ, ಮನಸ್ಸು ಸರಿಯಿಲ್ಲದವರಿಗೆ ಕಿವಿಗೊಡೋ ಲಾಕೇರ್ 1997ರಿಂದ ಇದೆ, ಆದ್ರೆ ಅಲ್ಲಿಗೆ ಹೋಗು ಮಾರಾಯ ಅಂತ ಹೇಳೋಕೆ ಯಾರೋ ಒಬ್ಬರು ಮುಖ ನೋಡಿ ಗುರುತು ಹಿಡೀಬೇಕಲ್ಲ.

ಬರೀ ಹೊಗಳ್ತಿದೀನಿ ಅನ್ಬೇಡಿ. ವಾರ್ಷಿಕ ಡಿನ್ನರ್ ಅಂತ ಒಂದು ನಡೆಯತ್ತೆ, ಕಪ್ಪು ಬೋ ಟೈ, ಅಧ್ಯಕ್ಷರ ಕತ್ತಲ್ಲಿ ಹಳೇ ಅಧ್ಯಕ್ಷರುಗಳ ಹೆಸರಿನ ಪದಕಗಳ ಹಾರ, ಸೂಪಿಗೆ ಬಗ್ಗಿದ್ರೆ ಸೂಪಲ್ಲೇ ಮುಳುಗತ್ತೆ, ಟಿಕೆಟ್ ರೇಟಿಗೆ ನನ್ನ ಜೂನಿಯರ್ ಎರಡು ದಿನ ದುಡೀಬೇಕು. ಖರ್ಚಿನ ಪಾಲು ಇನ್ಶೂರೆನ್ಸ್ ಬ್ರೋಕರ್‌ಗಳದ್ದು, ಪ್ರಾಪರ್ಟಿ ಸರ್ಚ್ ಕಂಪನಿಗಳದ್ದು, ಅವ್ರ ಬ್ಯಾನರ್ ಅಧ್ಯಕ್ಷರಿಗಿಂತ ದೊಡ್ಡದು. ದೊಡ್ಡ ಸಂಸ್ಥೆಯೋರು ಒಂದು ಟೇಬಲ್ ಬುಕ್ ಮಾಡಿ ತಮ್ಮೋರ ಜೊತೆಯೇ ಮಾತಾಡಿ ಹೋಗ್ತಾರೆ, ಮೀಟಿಂಗಿಗೆ ಬರಲ್ಲ. ಕಮಿಟಿಗೆ ಜನ ಸಿಗಲ್ಲ. ನಮ್ಮ ಟ್ರೆಷರರ್ ಹನ್ನೊಂದು ವರ್ಷದಿಂದ ಅವರೇ, ಪ್ರತಿ ವರ್ಷ ಇದೇ ಕೊನೇದು ಅಂತಾರೆ. ಇಲ್ಲಿ ಯಾರೋ ನಗ್ತಿರೋದು ನೋಡಿದ್ರೆ ನಿಮ್ಮ ಟ್ರೆಷರರ್ ಕಥೆಯೂ ಅದೇ ಅನ್ಸತ್ತೆ.

ಸರಿ, ಆ ವಿಲ್ಲು. ಮೂಲ ವಿಲ್ ಸಿಗದಿದ್ರೆ ಕಷ್ಟ, ಪ್ರೊಬೇಟ್‌ಗೆ, ಅಂದ್ರೆ ವಿಲ್ಲಿಗೆ ಕೋರ್ಟಿನ ಒಪ್ಪಿಗೆ ಪಡೆಯೋಕೆ, ಅದನ್ನೇ ಕೇಳ್ತಾರೆ, ವಿಲ್ ಇಲ್ಲ ಅಂತಾದ್ರೆ ಆಸ್ತಿ ಕಾಯ್ದೆ ಹೇಳಿದ ಹಾಗೆ ಹಂಚಿ ಹೋಗತ್ತೆ, ಆ ತಂದೆ ಕೊನೆಗಾಲದಲ್ಲಿ ತಮ್ಮನ್ನ ನೋಡ್ಕೊಂಡ ಪಕ್ಕದ ಮನೆಯವರಿಗೆ ಏನೋ ಬಿಟ್ಟಿದ್ದೀನಿ ಅಂತ ಮಗಳ ಹತ್ರ ಹೇಳಿದ್ರಂತೆ, ಕಾಯ್ದೆಯ ಲೆಕ್ಕದಲ್ಲಿ ಪಕ್ಕದ ಮನೆಯವರು ಯಾರೂ ಅಲ್ಲ. ಅಡ್ಮಿನಿಸ್ಟ್ರೇಟರಮ್ಮ ಎಲ್ಲ ಸದಸ್ಯರಿಗೂ ಬರೆದ್ರು, ಇಂಥವರ ವಿಲ್ ನಿಮ್ಮ ಸ್ಟ್ರಾಂಗ್‌ರೂಮಲ್ಲಿ ಇದೆಯಾ ನೋಡಿ ಅಂತ. ಇಲ್ಲ, ಇಲ್ಲ, ಇಲ್ಲ. ಸ್ಟೇಷನ್ ಹತ್ರದ ಆ ಆಫೀಸು ತೊಂಬತ್ತರ ದಶಕದಲ್ಲಿ ಇನ್ನೊಂದಕ್ಕೆ ಸೇರಿತ್ತು, ಅದು ಮತ್ತೊಂದಕ್ಕೆ, ಅದು ಎರಡಾಗಿ ಒಡೆದಿತ್ತು, ಒಂದು ಪಾಲು ಪಕ್ಕದ ಜಿಲ್ಲೆಗೆ ಹೋಗಿತ್ತು. ಇಷ್ಟು ವಂಶಾವಳಿ ಕಂಪ್ಯೂಟರಲ್ಲಿಲ್ಲ. ಗೊತ್ತಿದ್ದಿದ್ದು ಆ ಸಂಸ್ಥೆಯ ಹಳೇ ಕ್ಯಾಶಿಯರ್‌ಗೆ, ಎಂಬತ್ತು ದಾಟಿದೋರು, ಸಂಘದ ಕ್ರಿಸ್‌ಮಸ್ ಊಟಕ್ಕೆ ಮಾತ್ರ ಬರೋರು. ಡಿಸೆಂಬರ್‌ವರೆಗೆ ಕಾದ್ರು. ಊಟದ ಮಧ್ಯೆ ಕೇಳಿದ್ದಕ್ಕೆ ಅವ್ರು, ಆ ಪೆಟ್ಟಿಗೆಗಳು ನೀಲಿ, ಒಡೆದಾಗ ನೀಲಿ ಪೆಟ್ಟಿಗೆ ಎಲ್ಲ ಆ ಕಡೆಯೋರು ತಗೊಂಡ್ರು, ಅಂತ ಹೇಳಿ ಪುಡ್ಡಿಂಗ್ ತಿನ್ನೋಕೆ ಶುರು ಮಾಡಿದ್ರಂತೆ. ಪಕ್ಕದ ಜಿಲ್ಲೆಯ ಗೋದಾಮಲ್ಲಿ ಸಿಕ್ತು. ವಿಲ್ಲಲ್ಲಿ ಎಕ್ಸಿಕ್ಯೂಟರ್, ಅಂದ್ರೆ ವಿಲ್ ಜಾರಿ ಮಾಡೋರು, ಅಂತ ಮಗಳ ಹೆಸರೇ ಇತ್ತು, ಡೆತ್ ಸರ್ಟಿಫಿಕೇಟ್ ಮತ್ತೆ ಪಾಸ್‌ಪೋರ್ಟ್ ತೋರಿಸಿ ತಗೊಂಡು ಹೋದ್ರು. ಪಕ್ಕದ ಮನೆಯವರಿಗೆ ಬಿಟ್ಟಿದ್ದು ಏನು ಅಂತ ನಮಗೆ ಗೊತ್ತಿಲ್ಲ, ಕೇಳೋ ಹಾಗೂ ಇಲ್ಲ.

ಅದಾದ ಮೇಲೆ ಅಡ್ಮಿನಿಸ್ಟ್ರೇಟರಮ್ಮ ಒಂದು ನೋಟ್‌ಬುಕ್ ಇಟ್ಟಿದ್ದಾರೆ, ಯಾವ ಆಫೀಸು ಯಾವಾಗ ಯಾವುದಕ್ಕೆ ಸೇರ್ತು, ಪೆಟ್ಟಿಗೆ ಎಲ್ಲಿಗೆ ಹೋಯ್ತು ಅಂತ. ಹಳಬರು ಊಟಕ್ಕೆ ಬಂದಾಗೆಲ್ಲ ಕೇಳಿ ಕೇಳಿ ಬರ್ಕೊಳ್ತಾರೆ, 41 ಪುಟ ಆಗಿದೆ. ನಾನು ಟೈಪ್ ಮಾಡ್ಕೊಡ್ತೀನಿ ಅಂತ ಉತ್ಸಾಹದಲ್ಲಿ ಹೇಳಿ ಒಂದೂವರೆ ವರ್ಷ ಆಯ್ತು, ಇನ್ನೂ ಒಂಬತ್ತನೇ ಪುಟದಲ್ಲೇ ಇದೀನಿ, ಅವ್ರ ಕೈಬರಹ ನೋಡಿದ್ರೆ ನಿಮಗೂ ಅರ್ಥ ಆಗತ್ತೆ ಯಾಕೆ ಅಂತ.